ಭಟ್ಟಿಯಲ್ಲಿ ಅದಲುಬದಲಾದ ಡಬ್ಬಿ

ನನ್ನ ಡಬ್ಬಿ ಒಯ್ದಿರುವ ಅಕ್ಕಾವರೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನನಗಿಂತ ಹಿರಿಯರೋ ಕಿರಿಯರೋ ಅದೂ ತಿಳಿಯದು. ಅಕ್ಕ ಅಂದರೆ ಯಾರೂ ಸಿಟ್ಟಿಗೇಳುವುದಿಲ್ಲ ಎಂಬ ಧೈರ್ಯದಿಂದ ಹಾಗೆ ಬರೆದೆ. ಮೊನ್ನೆ ಮಂಗಳವಾರ ಹುಸೇನಸಾಬರ ಬ್ರೆಡ್ಡಿನ ಭಟ್ಟಿಯಲ್ಲಿ ನಿಮ್ಮ ಡಬ್ಬಿ ನನಗೆ ಬಂತು, ನನ್ನದು ನಿಮಗೆ ಹೋಯಿತು. ನಿಮ್ಮ ಬಿಸ್ಕೀಟುಗಳನ್ನು ನಾನು ತಿರುಗಿ ಕೊಡಲಾರೆ, ಅವು ಮುಗಿದಿವೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ನಿಮಗೆ ಸಲ್ಲಬೇಕಾದ ಒಂದು ಮಾತನ್ನು ನಾನು ಇಟ್ಟುಕೊಂಡು ಬಂದಿದ್ದೇನೆ. ಅದು ನನ್ನನ್ನು ಒಂದು ಕಡೆ ಕೂರಲು ಬಿಡುತ್ತಿಲ್ಲ.

ಬಾಯಿಂದ ಹೇಳೋಣವೆಂದರೆ ಹೊಸಬರ ಮುಂದೆ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಏಳನೆಯ ತರಗತಿಯ ತನಕ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದನ್ನೇ ನಂಬಿದ್ದೇನೆ. ತೊಟ್ಟಿಲ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಓಲಾಡಿದ್ದರೆ ಅದು ತೊಟ್ಟಿಲಿನ ತಪ್ಪು.

ತೊಟ್ಟಿಲಲ್ಲಿರುವವಳು ಪೂನಮ. ಐದು ತಿಂಗಳಾಯಿತು. ತವರುಮನೆ ಘೋಣಸಗಿಯಲ್ಲಿ ಬಾಣಂತನ ಮುಗಿಸಿ, ಇಲ್ಲಿ ವಿಜಯಪುರದ ಗಂಡನ ಮನೆಗೆ ಬಂದು ಇಪ್ಪತ್ತು ದಿನ. ಹೆತ್ತಾಗಿನಿಂದ ನನಗೆ ಒಂದು ತರಹದ ಚಡಪಡಿಕೆ. ಎಲ್ಲೋ ಒಲೆಯ ಮೇಲೆ ಏನೋ ಇಟ್ಟು ಮರೆತು ಬಂದಂತೆ. ಮಗು ಅತ್ತರೆ ಓಡುತ್ತೇನೆ, ಅಳದಿದ್ದರೆ ಉಸಿರಾಡುತ್ತಿದೆಯೇ ಎಂದು ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ. ಕೋಣೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಕೋಣೆಗೆ. ನಮ್ಮ ಅತ್ತೆ ಒಳ್ಳೆಯವರು, ಬಾಯಿ ಮಾತ್ರ ಚುರುಕು. "ಬಾಣಂತಿ ಅಂದ್ರ ಒಂದ ಕಡೆ ಕುಂದ್ರಬೇಕವ್ವಾ. ನೀ ಏನ ಬಸ್ಸಿನ ಕಂಡಕ್ಟರ ಆಗೀದೇನ, ಹಿಂದ ಮುಂದ ತಿರಗಾಡಾಕತ್ತೀದಿ? ಟಿಕೀಟ ಯಾರಿಗೆ ಕೊಡಾಕಿ?" ಅನ್ನುತ್ತಾರೆ. ನಾನು ನಕ್ಕು ಮತ್ತೆ ತಿರುಗುತ್ತೇನೆ.

ಭಟ್ಟಿಯ ದಾರಿ ತೋರಿಸಿದವಳು ಪಕ್ಕದ ಮನೆಯ ಮುನೀರಾ. ಮುಂಜಾನೆಯ ಬ್ರೆಡ್ಡು ತೆಗೆದ ಮೇಲೆ ಭಟ್ಟಿಯ ಕಾವು ಇಳಿಯುತ್ತದೆ, ಆ ಹದವಾದ ಕಾವಿನಲ್ಲಿ ಓಣಿಯ ಹೆಂಗಸರು ಮನೆಯಲ್ಲಿ ನಾದಿದ ಹಿಟ್ಟಿನ ನಾನಖಟಾಯಿ ಬಿಸ್ಕೀಟು ಸುಡಿಸಿಕೊಂಡು ಬರುತ್ತಾರೆ ಎಂಬುದು ನಿಮಗೆ ಗೊತ್ತಿದ್ದದ್ದೇ. ನನಗೆ ಗೊತ್ತಿರಲಿಲ್ಲ. "ಕೈ ಸುಮ್ಮ ಇರಂಗಿಲ್ಲಂದ್ರ ಅದಕ್ಕ ಹಿಟ್ಟ ಕೊಡ. ತುಪ್ಪ ಸಕ್ರಿ ಹಾಕಿ ಅಂಗೈಲೆ ತಿಕ್ಕಕೋತ ಕುಂದ್ರು. ಕೈಗೂ ಸಮಾಧಾನ, ಬಿಸ್ಕೀಟಿಗೂ ಸಮಾಧಾನ," ಎಂದಳು ಮುನೀರಾ. ಅವಳು ಹೇಳಿದ್ದು ಖರೆ. ತುಪ್ಪ ಸಕ್ಕರೆ ಬೆಳ್ಳಗಾಗುವ ತನಕ ತಿಕ್ಕುವಾಗ ನನ್ನ ಮೈಯೊಳಗಿನ ಕಂಡಕ್ಟರ ಸೀಟು ಹಿಡಿದು ಕೂತ.

ಆದರೆ ಮಂಗಳವಾರದ ಬಿಸ್ಕೀಟು ಬರೀ ಕೈಯ ಸಮಾಧಾನಕ್ಕೆ ಮಾಡಿದ್ದಲ್ಲ. ಅದು ನಮ್ಮವ್ವನಿಗೆ ಮಾಡಿದ್ದು. ಅದನ್ನು ಹೇಳದಿದ್ದರೆ ನಿಮಗೆ ನನ್ನ ಸಂಕಟ ತಿಳಿಯುವುದಿಲ್ಲ.

ನಮ್ಮವ್ವ ಸಾವಂತ್ರವ್ವ, ಊರ ಹತ್ತಿರದ ತಿಕೋಟಾದಲ್ಲಿ ಒಣದ್ರಾಕ್ಷಿಯ ಶೆಡ್ಡಿನಲ್ಲಿ ದ್ರಾಕ್ಷಿ ಆರಿಸುವ ಕೆಲಸ ಮಾಡುತ್ತಾಳೆ. ಹದಿನಾಲ್ಕು ವರ್ಷವಾಯಿತು. ಮುಂದೆ ಹರಿದು ಬರುವ ರಾಶಿಯಲ್ಲಿ ಒಂದು ಕಡ್ಡಿ ಉಳಿದಿದ್ದರೂ, ಒಂದು ಕಾಳು ಬಣ್ಣ ತಪ್ಪಿದ್ದರೂ ಅವಳ ಬೆರಳು ಅದರ ಮೇಲೆಯೇ ಹೋಗಿ ನಿಲ್ಲುತ್ತದೆ. ನನ್ನ ಬಾಣಂತನಕ್ಕೆಂದು ಒಂದೂವರೆ ತಿಂಗಳು ಕೆಲಸ ಬಿಟ್ಟು ಕೂತಳು. ತಿನ್ನುವ ಅಂಟನ್ನು ತುಪ್ಪದಲ್ಲಿ ಅರಳಿಸಿ, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಕೂಡಿಸಿ ಉಂಡಿ ಕಟ್ಟಿದಳು. ಹಾಲು ಹೆಚ್ಚಲಿ ಎಂದು ಅಳವಿ ಬೀಜದ ಪಾಯಸ ಕುಡಿಸಿದಳು. ನನಗೆ ಮೈ ಕಾಯಿಸಿ, ಮಗುವಿಗೆ ಎಣ್ಣೆ ತಿಕ್ಕಿ, ತಾನು ಮಾತ್ರ ನಿಂತಲ್ಲೇ ರೊಟ್ಟಿ ಚಟ್ನಿ ತಿಂದು ಕೈ ತೊಳೆಯುತ್ತಿದ್ದಳು.

ಒಂದು ದಿನ ಅವಳ ಬಾಯಿಗೆ ಒಂದು ಉಂಡಿ ಹಿಡಿದೆ. ಮುಖ ತಿರುಗಿಸಿದಳು.

"ಇದು ಬಾಣಂತಿದು. ನಾ ಏನ ಹಡದೀನೇನ?"

"ನನ್ನ ಹಡದೀ ಅಲ್ಲಾ ಬೇ?"

"ಹಡದ ಇಪ್ಪತ್ತನಾಕ ವರ್ಸ ಆತ. ಇಷ್ಟ ದಿನ ಬಾಣಂತಿ ಇರ್ತಾರೇನ ಯಾರರೆ?"

"ಆವಾಗ ನಿನಗ ಉಂಡಿ ಯಾರ ಕಟ್ಟಿದ್ರ?"

ಅವ್ವ ಮಗುವಿನ ತಲೆಯ ಕುಲಾಯಿ ಸರಿ ಮಾಡುತ್ತಾ ಕೂತಳು. ನಾನು ಹುಟ್ಟುವ ಮೊದಲೇ ಅವಳ ತಾಯಿ ತೀರಿಹೋಗಿದ್ದಳು ಎಂಬುದು ನೆನಪಾಗಿ ನನಗೆ ನಾಚಿಕೆಯಾಯಿತು. ಕುಲಾಯಿಯ ದಾರ ಕಟ್ಟಿ ಅವಳೇ ಅಂದಳು: "ಯಾರ ಕಟ್ಟತಾರ? ಹನ್ನೆರಡ ದಿನಕ್ಕ ಹೊಲಕ್ಕ ಹೋದೆ. ಹೊಲಾನ ಮಾಡ್ತು ನನ್ನ ಬಾಣಂತನ."

ಅಕ್ಕಾವರೇ, ಆ ಮಾತು ನನ್ನೊಳಗೆ ಹೊಕ್ಕ ಮೇಲೆ ಉಂಡಿ ತಿನ್ನಲಾಗಲಿಲ್ಲ, ತಿನ್ನದೆ ಇರಲೂ ಆಗಲಿಲ್ಲ. ತಿನ್ನದಿದ್ದರೆ ಅವಳು ಬಿಡುತ್ತಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಯೋಚಿಸಿದೆ. ಉಂಡಿ ಕಟ್ಟಿ ಒಯ್ದರೆ ಅವ್ವ ಮುಟ್ಟುವುದಿಲ್ಲ. ಆದರೆ ಚಹಾದ ಜೊತೆ ಬಿಸ್ಕೀಟು ಕೊಟ್ಟರೆ ಬೇಡ ಅನ್ನುವುದಿಲ್ಲ. ಉಂಡಿಯಲ್ಲಿ ಹಾಕುವುದನ್ನೆಲ್ಲ ಬಿಸ್ಕೀಟಿನಲ್ಲಿ ಹಾಕಿಬಿಟ್ಟರೆ? ಅಂಟು ಅರಳಿಸಿ ಕುಟ್ಟಿದೆ, ಅಳವಿ ಹುರಿದೆ, ಒಣಶುಂಠಿ ಪುಡಿ ಹಾಕಿದೆ. ಹೊರಡುವಾಗ ಅವ್ವ ಗಂಟು ಕಟ್ಟಿ ಕೊಟ್ಟಿದ್ದ ಒಣದ್ರಾಕ್ಷಿಯನ್ನು ಬಿಸ್ಕೀಟಿಗೆ ಒಂದರಂತೆ ನೆತ್ತಿಗೆ ಒತ್ತಿದೆ. ಸೋಮವಾರ ಫೋನು ಮಾಡಿದಾಗ ಖುಷಿ ತಡೆಯದೆ ಎಲ್ಲಾ ಹೇಳಿಬಿಟ್ಟೆ: "ಯವ್ವಾ, ನಾಳೆ ಬರಾಕತ್ತೇನಿ. ನಿನಗ ಬಿಸ್ಕೀಟ ಮಾಡೇನಿ. ಅಂಟು, ಅಳವಿ ಎಲ್ಲಾ ಹಾಕೇನಿ. ನೀ ಕೊಟ್ಟ ದ್ರಾಕ್ಷಿ ಒಂದೊಂದಕ್ಕ ಒಂದೊಂದ." ಅವ್ವ ನಕ್ಕಳು: "ಬಿಸ್ಕೀಟಿನ್ಯಾಗ ಅಂಟ ಹಾಕತಾರೇನ ಹುಚ್ಚಿ? ಹಲ್ಲ ಹತಗೊಂಡ ಕುಂತ್ರ ಬಿಡಸಾಕ ನೀನ ಬರಬೇಕ ನೋಡ."

ಮಂಗಳವಾರ ಭಟ್ಟಿಯಲ್ಲಿ ಎಂಟು ಹತ್ತು ಜನ ಇದ್ದೆವು. ನೀವೂ ಅಲ್ಲೇ ಇದ್ದಿರಬೇಕು. ಉಳಿದವರು ತಮ್ಮ ತಟ್ಟೆಗೆ ಹೆಸರಿನ ಚೀಟಿ ಸಿಕ್ಕಿಸಿದ್ದರು. ಎಲ್ಲರೂ ನನ್ನ ಹೆಸರು ಓದುತ್ತಾರೆ ಎಂದು ನಾನು ಚೀಟಿ ಇಡಲಿಲ್ಲ. "ಗುರುತೇನವ್ವಾ ನಿಂದು?" ಎಂದು ಹುಸೇನಸಾಬರು ಕೇಳಿದರು. "ದ್ರಾಕ್ಷಿ ಹಚ್ಚೇನ್ರಿ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅವತ್ತು ನೀವೂ ದ್ರಾಕ್ಷಿ ಹಚ್ಚಿರುವುದು ನನಗೇನು ಗೊತ್ತು? ಸುಟ್ಟು ಆದ ಮೇಲೆ ಅವರು ರಟ್ಟಿನ ಡಬ್ಬಿಗೆ ತುಂಬಿ, ದಾರ ಕಟ್ಟಿ, "ದ್ರಾಕ್ಷಿದು ಯಾರದು, ತಗೋರಿ" ಎಂದು ಕೂಗಿದಾಗ ಪೂನಮ ಅಳುತ್ತಿದ್ದಳು, ಘೋಣಸಗಿ ಬಸ್ಸಿಗೆ ಹೊತ್ತಾಗಿತ್ತು. ಬಿಚ್ಚಿ ನೋಡದೆ ಇಸಿದುಕೊಂಡು ಓಡಿದೆ. ದಾರಿಯುದ್ದಕ್ಕೂ ಒಂದು ತೊಡೆಯ ಮೇಲೆ ಮಗು, ಇನ್ನೊಂದರ ಮೇಲೆ ಡಬ್ಬಿ. ಬಿಸ್ಕೀಟಿನ ಬಿಸಿ ಸೀರೆಗೆ ತಾಗುತ್ತಿತ್ತು. ಹಿಟ್ಟು ತಿಕ್ಕುವ ಹೊತ್ತು ಬಿಟ್ಟರೆ, ಅಷ್ಟು ದಿನಗಳಲ್ಲಿ ಮೊದಲ ಸಲ ನನಗೆ ಎದ್ದು ತಿರುಗಬೇಕು ಅನ್ನಿಸಲಿಲ್ಲ.

ಅವ್ವ ಕೆಲಸದಿಂದ ಸಂಜೆ ಬಂದಳು. ಕೈಕಾಲು ತೊಳೆದು, ಮೊಮ್ಮಗಳ ಗಲ್ಲ ಹಿಂಡಿ, ಹೊಸ್ತಿಲ ಹತ್ತಿರ ಕೂತಳು. ನಾನು ಚಹಾ ಇಟ್ಟು ಡಬ್ಬಿ ಬಿಚ್ಚಿದೆ. ಒಳಗಿದ್ದವು ನನ್ನವಲ್ಲ. ನನ್ನವು ದಪ್ಪ, ಕಂದು ಬಣ್ಣ, ಅಂಟು ಎದ್ದು ಕಾಣುವಂಥವು. ಅಲ್ಲಿ ಕೂತಿದ್ದವು ಪುಟ್ಟಪುಟ್ಟ ಬೆಳ್ಳನೆಯ ಬಿಸ್ಕೀಟು, ಮಗುವಿನ ಅಂಗೈಯಲ್ಲಿ ಹಿಡಿಯುವಷ್ಟು. ಒಂದೊಂದಕ್ಕೂ ಸರಿಯಾಗಿ ನಡುವೆ ಬಿರುಕು. ಎಷ್ಟು ಚೆಂದ ಮಾಡಿದ್ದಿರಿ! ಬದಲಾಗಿದೆ ಎಂದು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಒಂದನ್ನು ಕೈಗೆ ತಗೊಂಡಿದ್ದಳು. ಹೊರಳಿಸಿ ನೋಡಿದಳು. ತಿಂದಳು. ಇನ್ನೊಂದು ತಿಂದಳು. ಮೂರನೆಯದನ್ನು ಚಹಾದಲ್ಲಿ ಅದ್ದಿ ತಿಂದು ಅಂದಳು: "ಛಂದ ಮಾಡೀದಿ."

ನಿಮಗೆ ನಮ್ಮವ್ವ ಗೊತ್ತಿಲ್ಲ. "ತಿನ್ನಾಕ ಬರತೈತಿ" ಅಂದರೆ ಅದೇ ಅವಳ ಬಾಯಿಂದ ಬರುವ ದೊಡ್ಡ ಹೊಗಳಿಕೆ. ಆಮೇಲೆ ಅವಳು ಸೆರಗಿನಿಂದ ತುಟಿ ಒರೆಸಿಕೊಂಡು, ನನ್ನ ಕಡೆ ನೋಡದೆ, "ನನ್ನ ಬಾಣಂತನ ಇವತ್ತ ಆತ ನೋಡ" ಎಂದಳು.

ಈಗ ಹೇಳಿ, ನಾನು ಹೇಗೆ ಬಾಯಿಬಿಡಲಿ? ಅವು ನನ್ನವಲ್ಲ, ಅದರಲ್ಲಿ ಅಂಟೂ ಇಲ್ಲ ಅಳವಿಯೂ ಇಲ್ಲ ಅಂದರೆ, ಇಪ್ಪತ್ನಾಲ್ಕು ವರ್ಷದ ಮೇಲೆ ಆದ ಬಾಣಂತನವನ್ನು ನನ್ನ ಕೈಯಾರೆ ಕಿತ್ತುಕೊಂಡಂತೆ ಆಗುವುದಿಲ್ಲವೇ? ಸುಮ್ಮನಾದೆ. ಮರುದಿನ ಬಸ್ಸು ಹತ್ತಿಸುವಾಗ ಅವ್ವ ಕರವಸ್ತ್ರದಲ್ಲಿ ಇನ್ನೊಂದು ಹಿಡಿ ದ್ರಾಕ್ಷಿ ಕಟ್ಟಿ ಕೊಟ್ಟು, "ಐತವಾರ ನಾನ ಬರತೀನಿ, ಬಿಸ್ಕೀಟ ಮಾಡಿಡ" ಎಂದಳು.

ಬಂದವಳೇ ಭಟ್ಟಿಗೆ ಹೋದೆ. ಡಬ್ಬಿ ಯಾರಿಗೆ ಹೋಯಿತು ಎಂದು ಹುಸೇನಸಾಬರನ್ನು ಕೇಳಿದರೆ, "ಮಂದಿ ಮಾರಿ ನಾ ನೋಡಂಗಿಲ್ಲವ್ವಾ, ಬಿಸ್ಕೀಟಿನ ಬಣ್ಣ ನೋಡತೀನಿ. ನಿಮ್ಮ ಮಾರಿ ನೋಡಕೋತ ನಿಂತ್ರ ಅವು ಕರ್ರಗಾಗತಾವ," ಎಂದರು. ಅವರ ಮಾತೂ ಸರಿಯೇ.

ಈ ಕಾಗದ ಅದಕ್ಕೆ. ದ್ರಾಕ್ಷಿ ಹಚ್ಚಿದ ಬೆಳ್ಳನೆಯ ಬಿಸ್ಕೀಟಿನವರು ಬಂದರೆ ಕೊಡಿ ಎಂದು ಹುಸೇನಸಾಬರ ಹತ್ತಿರ ಇಡುತ್ತೇನೆ. ಆ "ಛಂದ ಮಾಡೀದಿ" ನಿಮ್ಮದು, ದಯವಿಟ್ಟು ತಗೊಳ್ಳಿ. ಇನ್ನೊಂದು ಕೇಳುವುದಿದೆ, ಬರೆಯಲು ನಾಚಿಕೆಯಾಗುತ್ತದೆ. ನಿಮ್ಮ ಬಿಸ್ಕೀಟಿಗೆ ತುಪ್ಪ ಎಷ್ಟು, ರವೆ ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದು ಹುಸೇನಸಾಬರ ಹತ್ತಿರ ಇಡುವಿರಾ? ಐತವಾರ ಅವ್ವ ಬಂದಾಗ ಅಂಥವೇ ಇರಬೇಕು. ಇಲ್ಲದಿದ್ದರೆ ನನ್ನ ಸುಳ್ಳು ಹೊರಬೀಳುತ್ತದೆ. ಪೂನಮ ಎದ್ದಳು, ನಿಲ್ಲಿಸುತ್ತೇನೆ.

ಇವತ್ತು ಶುಕ್ರವಾರ. ನಿನ್ನೆ ಬರೆದದ್ದನ್ನು ಓದಿದೆ. ನಿಮ್ಮ ಮನೆಯಲ್ಲಿ ಆ ಡಬ್ಬಿ ಬಿಚ್ಚಿದಾಗ ಏನಾಗಿರಬಹುದೋ! ಯಾರೋ ಹಾಕಿದ ಕೈಮದ್ದು ಎಂದು ಹಿರಿಯರು ಮುಖ ಕಿವುಚಿರಬಹುದು. ಹೆದರಬೇಡಿ, ಅದು ಅಳವಿಯ ವಾಸನೆ. ಅದು ನನ್ನದೇ ಡಬ್ಬಿ ಎಂದು ನಿಮಗೆ ಖಾತ್ರಿಯಾಗಲಿ ಎಂದು ಗುರುತು ಬರೆಯುತ್ತೇನೆ. ನನ್ನ ದ್ರಾಕ್ಷಿ ಉದ್ದ, ಹಸಿರು ಬಣ್ಣದ್ದು, ಸುಟ್ಟ ಮೇಲೆ ಸ್ವಲ್ಪ ಕೆಂಪಾಗಿರುತ್ತದೆ. ಬೀಜವಿಲ್ಲ. ಅವ್ವ ಆರಿಸುವ ದ್ರಾಕ್ಷಿಗೆ ಬೀಜ ಇರುವುದೇ ಇಲ್ಲ. ನಿಮ್ಮದು ದುಂಡು, ಕಪ್ಪು, ಅದಕ್ಕೆ

ಅಕ್ಕಾವರೇ, ಇಲ್ಲಿ ನನ್ನ ಪೆನ್ನು ನಿಂತಿತು. ಎದ್ದು ನಾಲ್ಕು ಸಲ ತಿರುಗಿ ಬಂದೆ.

ಮಂಗಳವಾರ ಚಹಾ ಕುಡಿದ ಮೇಲೆ ಅವ್ವನ ಬಸಿಯನ್ನು ತೊಳೆದವಳು ನಾನು. ಬಸಿಯ ಅಂಚಿನಲ್ಲಿ ಸಣ್ಣ ಬೀಜಗಳು ಸಾಲಾಗಿ ಕೂತಿದ್ದವು. ತಿನ್ನುವಾಗ ಅವಳು ಒಂದೊಂದನ್ನೂ ನಾಲಿಗೆಯ ತುದಿಯಿಂದ ತೆಗೆದು, ಬೆರಳಲ್ಲಿ ಹಿಡಿದು ನೋಡಿ, ಅಲ್ಲಿ ಇಟ್ಟಿದ್ದಳು. ಹದಿನಾಲ್ಕು ವರ್ಷ ದ್ರಾಕ್ಷಿ ಆರಿಸಿದ ಬೆರಳು. ನೀ ಕೊಟ್ಟ ದ್ರಾಕ್ಷಿಯನ್ನೇ ಹಾಕೇನಿ ಎಂದು ಹಿಂದಿನ ದಿನವೇ ಫೋನಿನಲ್ಲಿ ಸಾರಿದವಳು ನಾನು. ಅವಳಿಗೆ ಮೊದಲನೆಯ ಬಿಸ್ಕೀಟಿಗೇ ಗೊತ್ತಾಗಿದೆ! ಇದು ನನ್ನ ಮಗಳು ಮಾಡಿದ್ದಲ್ಲ ಎಂದು ತಿಳಿದೂ "ಛಂದ ಮಾಡೀದಿ" ಎಂದಳು. ತಿಳಿದೂ "ನನ್ನ ಬಾಣಂತನ ಇವತ್ತ ಆತ" ಎಂದಳು. ಡಬ್ಬಿ ಬಿಚ್ಚಿದಾಗಿನ ನನ್ನ ಮುಖ ನೋಡಿರಬೇಕು. ನಾನು ಅವಳಿಗೆ ನೋವಾಗಬಾರದೆಂದು ಸುಮ್ಮನಿದ್ದೆ, ಅವಳು ನನಗೆ ನೋವಾಗಬಾರದೆಂದು ತಿಂದಳು. ಇನ್ನೊಂದು ಹಿಡಿ ದ್ರಾಕ್ಷಿ ಕಟ್ಟಿ ಕೊಟ್ಟದ್ದು ಮೊಮ್ಮಗಳಿಗೆ ನೆನೆಹಾಕಿ ಕುಡಿಸಲಿ ಎಂದು ತಿಳಿದಿದ್ದೆ. ಅದು ನನಗೆ, ಇನ್ನೊಮ್ಮೆ ಮಾಡು ಎಂದು.

ಹಾಗಾಗಿ ನಿಮ್ಮ ಅಳತೆ ನನಗೆ ಈಗ ಬೇಡ. ಐತವಾರ ನನ್ನವೇ ಮಾಡಿಡುತ್ತೇನೆ. ದಪ್ಪ, ಕಂದು, ಹಲ್ಲಿಗೆ ಅಂಟುವಂಥವು. ಹೋದ ಸಲದವು ನನ್ನವಲ್ಲ ಎಂದು ಮೊದಲು ಹೇಳಿ, ಆಮೇಲೆ ಚಹಾ ಇಡುತ್ತೇನೆ. ಉಂಡಿಗೆ ಮಾಡಿದಂತೆ ಮುಖ ತಿರುಗಿಸಿದರೆ ಗಲ್ಲ ಹಿಡಿದು ಬಾಯಿಗೆ ಹಾಕುತ್ತೇನೆ, ಅವಳು ನನಗೆ ಮಾಡಿದ ಹಾಗೆ. "ತಿನ್ನಾಕ ಬರತೈತಿ" ಅಂದರೆ ಸಾಕು.

ನನ್ನ ಡಬ್ಬಿಯಲ್ಲಿ ಇನ್ನೂ ಉಳಿದಿದ್ದರೆ ತಿರುಗಿ ಕೊಡಬೇಡಿ. ನಿಮ್ಮ ಮನೆಯಲ್ಲೂ ಹನ್ನೆರಡು ದಿನಕ್ಕೆ ಎದ್ದು ಕೆಲಸಕ್ಕೆ ಹೋದ ಯಾರಾದರೂ ಇರುತ್ತಾರೆ. ಎಷ್ಟು ವರ್ಷವಾಗಿದ್ದರೂ ಇರಲಿ, ಅವರಿಗೆ ಚಹಾದ ಜೊತೆ ಕೊಡಿ. ಅವರು ನೀವೇ ಆಗಿದ್ದರೆ, ಕೂತು ತಿನ್ನಿ.

ಶನಿವಾರ ಹನ್ನೊಂದಕ್ಕೆ ತಟ್ಟೆ ತಗೊಂಡು ಭಟ್ಟಿಗೆ ಬರುತ್ತೇನೆ. ಈ ಸಲ ಚೀಟಿಯ ಮೇಲೆ ಹೆಸರು ಬರೆದಿರುತ್ತೇನೆ. ಕಂಕುಳಲ್ಲಿ ಮಗು ಇರುತ್ತದೆ, ನಿಂತಲ್ಲಿ ನಿಲ್ಲದೆ ತಿರುಗುತ್ತಿರುತ್ತೇನೆ, ಗುರುತು ಸಿಗುತ್ತದೆ. ನೀವೇ ಮೊದಲು ಮಾತಾಡಿಸಬೇಕು. ನನಗೆ ಆಗುವುದಿಲ್ಲ.

ನಮ್ಮವ್ವನ ಬಾಯಿ ಸಿಹಿ ಮಾಡಿದ ನಿಮ್ಮ ಕೈ ನೋಯದಿರಲಿ, ನಿಮ್ಮ ಹೊಟ್ಟೆ ತಣ್ಣಗಿರಲಿ.

ಇಂತಿ,
ಬೀಜವಿಲ್ಲದ ದ್ರಾಕ್ಷಿಯ ತಟ್ಟೆಯವಳು,
ವಿಶಾಖಾ