ತಣ್ಣೀರಲ್ಲಿ ತೊಳೆದ ಅಂಗಿ

ಮಾರ್ಚ್ 4, ಸೋಮವಾರ

ಲಾಂಡ್ರಿಯಲ್ಲಿ ಇಡೀ ದಿನ ಹೋಟೆಲಿನ ಬೆಡ್‌ಶೀಟು. ಪ್ರೆಸ್ ಮುಂದೆ ನಿಂತು ನಿಂತು ಸೊಂಟ ಬಿದ್ದುಹೋಯಿತು. ಕಲೆ ತೆಗೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲವಂತೆ, ಮಾಲೀಕರ ಸರ್ಟಿಫಿಕೇಟು. ಸಂಬಳದ ಮಾತೆತ್ತಿದರೆ ಮಾತ್ರ ಮಹಾಶಯನಿಗೆ ಕಿವಿ ಕೇಳಿಸುವುದಿಲ್ಲ.

ಮನೆಗೆ ಬಂದರೆ ಟಿವಿ ಬೀದಿಗೆಲ್ಲ ಕೇಳುವಷ್ಟು ಜೋರು. ಅಣ್ಣ ಶುರುಹಚ್ಚಿಕೊಂಡಾಗಲೆಲ್ಲ ಅಮ್ಮ ವಾಲ್ಯೂಮ್ ಏರಿಸುತ್ತಾಳೆ. ಆಮೇಲೆ ಅತ್ತಿಗೆ ನನ್ನ ರೂಮಿಗೆ ಬಂದಳು. ತುಟಿ ಒಡೆದಿತ್ತು. ಕೈಯಲ್ಲಿ ದಿಂಬಿನ ಕವರ್.

"ಪುಟ್ಟೀ, ಈ ರಕ್ತ ಹೋಗ್ತಾನೇ ಇಲ್ಲ ಕಣೇ."

"ಬಿಸಿನೀರು ಹಾಕಿದ್ಯಾ? ಹಾಕಿದ್ರೆ ಕೂತ್ಬಿಡತ್ತೆ. ತಣ್ಣೀರಲ್ಲಿ ನೆನೆಸು, ಉಪ್ಪು ಹಾಕಿ ಉಜ್ಜು."

ಯಾಕೆ ಹೊಡೆದ ಎಂದು ಕೇಳಲಿಲ್ಲ. ಉಪ್ಪಿನ ಪಾಠ ಮಾಡಿದೆ. ಥೂ, ನನ್ನ ಜನ್ಮಕ್ಕಿಷ್ಟು.

ಮಾರ್ಚ್ 8, ಶುಕ್ರವಾರ

ಇದನ್ನು ಬರೆಯಲೇಬೇಕು.

ತನ್ನ ಅಕ್ಕನ ಮನೆಗೆ ಹೋಗುತ್ತೇನೆ ಎಂದಳು ಅತ್ತಿಗೆ. ಅಷ್ಟೇ. ಬ್ಯಾಗು ತುಂಬಿಯಾಗಿತ್ತು. ಅಣ್ಣ ಜಡೆ ಹಿಡಿದು ಅಡುಗೆಮನೆಗೆ ಎಳೆದ. ಮರದ ಸ್ಟೂಲ್ ಎತ್ತಿದ. ಮೊದಲ ಏಟು ದವಡೆಗೆ — ಮೂಳೆ ಮುರಿದ ಸದ್ದು ಕೇಳಿಸಿತು. ಆಮೇಲೆ ತಲೆಗೆ. ಬಿದ್ದ ಮೇಲೂ ಒದ್ದ, ಹೊಟ್ಟೆಗೆ, ಬೆನ್ನಿಗೆ, ತನಗೇ ಏದುಸಿರು ಬರುವವರೆಗೆ. ನಾನು ಬಾಗಿಲಲ್ಲೇ ಇದ್ದೆ. ಎಲ್ಲ ನೋಡಿದೆ. "ಬಿಡೋ" ಎನ್ನಲೂ ಬಾಯಿ ಬರಲಿಲ್ಲ.

ಆಂಬುಲೆನ್ಸಿನಲ್ಲಿ ಎಚ್ಚರ ತಪ್ಪಿದ ಅತ್ತಿಗೆಯ ಜೊತೆ ಅಣ್ಣ, ಅಮ್ಮ ಹೋದರು. ರಕ್ತ ಚಿಮ್ಮಿದ ಅಂಗಿ ಬಿಸಾಕಿ ಬೇರೆ ತೊಟ್ಟುಕೊಂಡು ಹೋಗಿದ್ದ ಅವನು. ಒಬ್ಬಳೇ ಉಳಿದೆ. ನೆಲ ಒರೆಸಿದೆ. ಸ್ಟೂಲ್ ತೊಳೆದೆ. ಅಂಗಿ ನೆನೆಸಿದೆ, ಉಜ್ಜಿದೆ, ಹಿಂಡಿದೆ... ಯಾರೂ ಹೇಳಿರಲಿಲ್ಲ. ಕಲೆ ಕಂಡರೆ ಕೈ ಸುಮ್ಮನಿರುವುದಿಲ್ಲ, ವರ್ಷಗಟ್ಟಲೆಯ ಚಾಳಿ. ಹಗ್ಗಕ್ಕೆ ಹಾಕುವಾಗ ಹೊಳೆಯಿತು. ಏನು ಮಾಡಿಬಿಟ್ಟೆ? ಅಂಗಿ ಹೊಸದರಂತಿದೆ.

ಮಾರ್ಚ್ 9, ಶನಿವಾರ

ಪೊಲೀಸ್ ಮೇಡಂ ಮನೆಗೇ ಬಂದರು. ಬಾತ್‌ರೂಮಿನಲ್ಲಿ ಜಾರಿ ಬಿದ್ದಳು ಎಂದ ಅಣ್ಣ. ಕಣ್ಣೀರು ಬೇರೆ! ನಾಟಕದವರು ಕಂಡಿದ್ದರೆ ಎತ್ತಿಕೊಂಡು ಹೋಗುತ್ತಿದ್ದರು.

"ನೀವೆಲ್ಲಿದ್ರಮ್ಮ?"

ಅಮ್ಮ ನನ್ನನ್ನೇ ನೋಡುತ್ತಿದ್ದಳು.

"ಕೆಲಸದಲ್ಲಿದ್ದೆ," ಎಂದೆ.



ಮಾರ್ಚ್ 13, ಬುಧವಾರ

ಅತ್ತಿಗೆ ಕಣ್ಣು ಬಿಟ್ಟಿದ್ದಾಳೆ. ದವಡೆಗೆ ತಂತಿ ಬಿಗಿದಿದ್ದಾರೆ, ಮಾತಿಲ್ಲ. ಅಣ್ಣ ವಾರ್ಡಿಗೆ ಬಂದದ್ದೇ ತಡ, ಹಾಸಿಗೆ ಒದ್ದೆ ಮಾಡಿಕೊಂಡಳು. ಅವನು ಅವಳ ಹಣೆ ಸವರಿದ. "ಭಾನುವಾರ ಮನೆಗೆ ಕರ್ಕೊಂಡು ಹೋಗ್ತೀನಿ, ಆಯ್ತಾ?"

ಮನೆಗೆ ಬಂದ ಮೇಲೆ ಅಣ್ಣನಿಗೆ ಹೇಳಿದೆ: ಅವಳು ಇಲ್ಲಿಗೆ ಬರುವುದು ಬೇಡ, ಅಕ್ಕನ ಮನೆಗೇ ಹೋಗಲಿ. ಕುತ್ತಿಗೆ ಹಿಡಿದು ಗೋಡೆಗೆ ಅಪ್ಪಳಿಸಿದ. ಕಣ್ಣು ಕತ್ತಲೆ ಬಂತು.

"ಬಾಲ ಬಿಚ್ಚಿದ್ರೆ ನಿನಗೂ ಅದೇ ಗತಿ, ತಿಳ್ಕೋ!"

ಅಮ್ಮ ನೀರು ತಂದುಕೊಟ್ಟಳು. "ಅವನು ಜೈಲಿಗೆ ಹೋದ್ರೆ ನಮಗ್ಯಾರೇ ದಿಕ್ಕು? ಬಾಯಿ ಮುಚ್ಕೊಂಡಿರೇ, ನಿನ್ನ ಕಾಲಿಗೆ ಬೀಳ್ತೀನಿ."

ಅಮ್ಮನ ಮೇಲೂ ಸಿಟ್ಟು. ಹೆತ್ತ ಹೊಟ್ಟೆಯ ಸಂಕಟ ಗೊತ್ತು, ಆದರೂ ಸಿಟ್ಟು. ಅತ್ತಿಗೆ ಈ ಮನೆಗೆ ವಾಪಸು ಬಂದರೆ ಇನ್ನೊಂದು ಸಲ ಉಳಿಯುವುದಿಲ್ಲ.

ಮಾರ್ಚ್ 15, ಶುಕ್ರವಾರ, ಮಧ್ಯಾಹ್ನ

ಸ್ಟೇಷನ್ನಿಗೆ ಹೋಗಿ ಬಂದೆ. ಬಾಗಿಲ ತನಕ ಹೋಗಿ ತಿರುಗಿ ಬಂದೆ, ಮತ್ತೆ ಹೋದೆ. ಕಾವಲಿನವನಿಗೆ ನಗು.

ಮೇಡಂ ಪೂರ್ತಿ ಕೇಳಿದರು. "ಅಂಗಿ ಎಲ್ಲಿ?"

"ತೊಳೆದುಬಿಟ್ಟೆ."

"ಅಯ್ಯೋ, ಯಾಕಮ್ಮಾ?"

"ತೊಳೆಯೋದು ಬಿಟ್ರೆ ನನಗೇನೂ ತೋಚ್ಲಿಲ್ಲ ಮೇಡಂ."

"ಲ್ಯಾಬಿಗೆ ಕಳಿಸೋಣ, ಆದ್ರೆ ಅದನ್ನ ನಂಬ್ಕೊಂಡು ಕೂರೋಕಾಗಲ್ಲ. ಆಕೆ ಮಾತಾಡೋ ತನಕ ನಿಮ್ಮ ಮಾತೇ ಗಟ್ಟಿ. ಮೊದಲು ಸುಳ್ಳು ಹೇಳಿದ್ದೀರಿ, ಸಾಕ್ಷಿ ಅಳಿಸಿದ್ದೀರಿ. ನಿಮ್ಮ ಮೇಲೂ ಕೇಸ್ ಬೀಳಬಹುದು. ಬೇಕಾದ್ರೆ ಈಗಲೇ ಎದ್ದು ಹೋಗಿ."

ಏಳಬೇಕೆನಿಸಿತು. ಸುಳ್ಳೇಕೆ, ತುಂಬಾ ಅನಿಸಿತು.

"ಬರ್ಕೊಳ್ಳಿ," ಎಂದೆ. "ನಾನು ಬಾಗಿಲಲ್ಲೇ ಇದ್ದೆ."

ಅದೇ ದಿನ, ಸಂಜೆ

ಆಸ್ಪತ್ರೆ. ಅತ್ತಿಗೆಗೆ ಎಲ್ಲ ಹೇಳಿದೆ, ನಾನು ನೋಡುತ್ತ ನಿಂತಿದ್ದನ್ನೂ. ಕಣ್ಣು ಮುಚ್ಚಿದಳು. ಕೈ ಹಿಡಿಯಲು ಹೋದರೆ ಎಳೆದುಕೊಂಡಳು. ಎಳೆದುಕೊಳ್ಳಲಿ, ಅವಳಿಗೆ ಹಕ್ಕಿದೆ.

ಅಣ್ಣನನ್ನು ಕರೆತರಲು ಪೊಲೀಸರು ಮನೆಗೆ ಹೋಗಿದ್ದಾರೆ. ಅವನು ಮನೆಯಲ್ಲಿಲ್ಲ. ಅಮ್ಮ ಫೋನಿನಲ್ಲಿ ಅತ್ತಳು: "ನೀನು ಹೇಳಿಕೆ ಕೊಟ್ಟಿದ್ದು, ಪೊಲೀಸರು ಬಂದಿದ್ದು ಅವನಿಗೆ ಹೇಳ್ಬಿಟ್ಟೆ ಕಣೇ, ತಪ್ಪಿಸ್ಕೊಳ್ಳಲಿ ಅಂತ. ಅವನು ಅಲ್ಲಿಗೇ ಬರ್ತಿದ್ದಾನೆ. ನೀನು ಎದ್ದು ಹೋಗೇ, ಓಡೇ!"

ಮೇಡಂಗೆ ಫೋನ್ ಮಾಡಿದೆ. ಹೊರಟಿದ್ದಾರಂತೆ. ನರ್ಸಮ್ಮ ವಾಚ್‌ಮನ್ನನ್ನು ಕರೆಯಲು ಓಡಿದ್ದಾರೆ.

ಮೆಟ್ಟಿಲಲ್ಲಿ ಅವನ ದನಿ. ನನ್ನನ್ನೇ ಕೂಗುತ್ತಿದ್ದಾನೆ. ಕುರ್ಚಿಯನ್ನು ಮಂಚದ ಮುಂದಕ್ಕೆ ಎಳೆದುಕೊಂಡು ಕೂತಿದ್ದೇನೆ. ಅತ್ತಿಗೆ ಹಿಂದಿನಿಂದ ನನ್ನ ತೋಳು ಹಿಡಿದಿದ್ದಾಳೆ. ನಾನು ಇಲ್ಲಿಂದ ಏಳುವುದಿಲ್ಲ.