ಯುಗಾದಿಯ ಪಾಳಿ

ಕಮಲಾಪುರ
೨೨ ಫೆಬ್ರವರಿ ೨೦೨೬

ತಂಗಿ ಶುಭದಾ,

"ದಾದಾನ ಮೇಲೆ ಸಂಶಯ ಇರುವತನಕ ನಿನ್ನ ಬೆನ್ನು..." ಎಂದೇನೋ ನೀನು ಶುರು ಮಾಡಿದ್ದೆ, ಕಲಬುರಗಿಯಲ್ಲಿ ನನ್ನನ್ನು ಬಸ್ಸು ಹತ್ತಿಸುವಾಗ. ಉಳಿದರ್ಧ ಹಾರ್ನಿನಲ್ಲಿ ಹೋಯಿತು. ಫೋನು ಮಾಡಿ ಕೇಳಬಹುದಿತ್ತು. ಆದರೆ ಇಲ್ಲಿ ಮಾತಾಡಿದ್ದೆಲ್ಲ ನಮ್ಮ ಹಿರಿಯಣ್ಣನಿಗೆ, ಧೀರೇಂದ್ರ ದಾದಾನಿಗೆ, ಗೋಡೆಯಾಚೆ ಕೇಳುತ್ತದೆ. ಅದಕ್ಕೇ ಕಾಗದ.

ಸೊಂಟದ ಎಂ.ಆರ್.ಐ. ನೋಡಿ ಸೇಡಂ ರಸ್ತೆಯ ಮೊದಲ ಡಾಕ್ಟರು, ಡಿಸ್ಕು ನರವನ್ನು ಒತ್ತುತ್ತಿದೆ, ಆಪರೇಷನ್ ಮಾಡೋಣ ಎಂದರು. ಫಿಲ್ಮು ಪೂರ್ತಿ ನೋಡುವ ಮೊದಲೇ ಅವರು ತಾರೀಖು ಹುಡುಕುತ್ತಿದ್ದಂತೆ ನನಗನಿಸಿತು. ಎರಡನೆಯವರು ನನ್ನನ್ನು ಹಿಮ್ಮಡಿಯ ಮೇಲೆ, ತುದಿಗಾಲ ಮೇಲೆ ನಡೆಸಿ ನೋಡಿ, ಕಾಲಲ್ಲಿ ಬಲವಿದೆ, ಅವಸರವಿಲ್ಲ, ಆರು ವಾರ ಗುಳಿಗೆ, ವ್ಯಾಯಾಮ ಮಾಡಿ ನೋಡೋಣ ಎಂದರು. ಬಹಳ ಜನರಿಗೆ ಅಷ್ಟರಲ್ಲೇ ನೋವು ಇಳಿಯುತ್ತದಂತೆ. ನಾವು ಏಳುವಾಗ ಒಂದು ಮಾತು ಸೇರಿಸಿದರು: ಪಾದ ಸೋತು ಎತ್ತಲಾಗದಿದ್ದರೆ, ಸ್ಪರ್ಶ ತಿಳಿಯದಿದ್ದರೆ ಆ ದಿನವೇ ಬನ್ನಿ, ಆಗ ಆಪರೇಷನ್ ತಡಮಾಡುವಂತಿಲ್ಲ.

ದಾದಾ ಅಂದು ಜೊತೆಗಿದ್ದ. ಎರಡನೆಯವರದೇ ಸರಿ ಎಂದವನೂ ಅವನೇ. ದಿನಾ ಬೆಳಿಗ್ಗೆ ಚಾಪೆ ಹಾಸಿಕೊಟ್ಟು ಪಕ್ಕದಲ್ಲಿ ಕೂರುತ್ತಿದ್ದ. ಹತ್ತು ದಿನದಿಂದ ಅವನ ಮಾತು ತಿರುಗಿದೆ. ಮೊನ್ನೆ ಊಟಕ್ಕೆ ಕೂತಾಗ, ತಲೆ ಎತ್ತದೆ, "ಮುಕುಂದಾ, ಆಪರೇಷನ್ ಮಾಡಿಸ್ಕೊಂಡುಬಿಡು. ಪಾಳಿ ನಾ ನೋಡ್ಕೋತೇನಿ" ಅಂದ.

ಎರಡನೆಯ ವಾಕ್ಯ ಅಷ್ಟು ಸಿದ್ಧವಾಗಿ ಹೇಗೆ ಬಂತು?

ಯುಗಾದಿಯಿಂದ ಒಂದು ವರ್ಷ ಪ್ರಾಣದೇವರ ಗುಡಿಯ ಪೂಜೆ ನನ್ನ ಪಾಳಿ. ಕಟ್ಟಳೆ ನಿನಗೂ ಗೊತ್ತು: ಅಭಿಷೇಕದ ಕೊಡವನ್ನು ಬಾವಿಯಿಂದ ಯಾರು ಹೊತ್ತು ತರುತ್ತಾರೋ ಪಾಳಿ ಅವರದು. ಆಪರೇಷನ್ ಆದರೆ ತಿಂಗಳುಗಟ್ಟಲೆ ಭಾರ ಎತ್ತುವಂತಿಲ್ಲ. ಕೊಡ ದಾದಾನ ಹೆಗಲಿಗೆ ಹೋದರೆ ಮುಂದೆ ಅವನ ಮಗ ರಘೂತ್ತಮನ ಹೆಗಲಿಗೆ. ಅಪ್ಪ ಕಾಮಾಲೆಯಲ್ಲಿ ಮಲಗಿದ ವರ್ಷ ಕಾಕಾ ಹೊತ್ತರು. ಪಾಳಿ ನಮ್ಮ ಮನೆಗೆ ಮರಳಲು ಹನ್ನೊಂದು ವರ್ಷ ಬೇಕಾಯಿತು.

ಕಾಲೇಜಿನಲ್ಲಿ ತರ್ಕ ಕಲಿಸುವವನಿಗೆ ಒಂದು ಕೊಡ ನೀರಿನ ಮೇಲೆ ಇಷ್ಟು ಹಟ ಯಾಕೆ ಎಂದು ಕೇಳುತ್ತೀ. ಗೊತ್ತಿಲ್ಲ. ದೇವರ ಮೇಲಿನ ನಂಬಿಕೆ ಕಡಿಮೆಯಾದಷ್ಟೂ ಸರದಿಯ ಮೇಲಿನದು ಹೆಚ್ಚಾಗಿರಬೇಕು.

ನೋವು ಈಗ ಮೊದಲಿನಷ್ಟಿಲ್ಲ. ಇದಕ್ಕಿಂತ ಸಾಕ್ಷಿ ಏನು ಬೇಕು ಎಂದು ದಾದಾನಿಗೆ ಹೇಳಿದೆ. ಅವನು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದ. ಬರುವ ಶುಕ್ರವಾರ ಡಾಕ್ಟರಲ್ಲಿಗೆ ಮತ್ತೆ ಹೋಗಬೇಕು. ಒಬ್ಬನೇ ಹೋಗುತ್ತೇನೆ ಎಂದಿದ್ದೇನೆ. ಅವನು ನಿನಗೆ ಫೋನು ಮಾಡಿದ್ದರೆ ಮುಚ್ಚಿಡದೆ ಬರಿ.

ನಿನ್ನ ನಡುವಿನ ಅಣ್ಣ,
ಮುಕುಂದ

ತಾ.ಕ.: ಯಾರಿಗೂ ಹೇಳದ ಒಂದು ಮಾತು. ಎಡಗಾಲ ಚಪ್ಪಲಿ ನಡುದಾರಿಯಲ್ಲಿ ಕಳಚುತ್ತದೆ, ಕಳಚಿದ್ದು ತಿಳಿಯುವುದಿಲ್ಲ. ಮಡಿಯಲ್ಲಿ ಹೇಗೂ ಬರಿಗಾಲು, ಯಾರಿಗೂ ಕಾಣದು ಎಂದುಕೊಂಡಿದ್ದೆ. ಕಳೆದ ಶುಕ್ರವಾರ ಬಸ್ ನಿಲ್ದಾಣದಿಂದ ಕೆಂಪು ಬಾಳೆಹಣ್ಣು ಹಿಡಿದು ಮನೆಗೆ ಬಂದಾಗ ಎಡಗಾಲು ಬರಿದಾಗಿತ್ತು. ಹುಡುಕಲು ಹೋಗಲಿಲ್ಲ. ಈ ಬೆಳಿಗ್ಗೆ ನೋಡಿದರೆ ಹೊಸ್ತಿಲ ಹೊರಗೆ ಎರಡನ್ನೂ ಜೋಡಿಸಿಟ್ಟಿದೆ; ಎಡದ್ದಕ್ಕೆ ಹಿಮ್ಮಡಿ ಹಿಡಿಯುವಂತೆ ಹೊಸ ಪಟ್ಟಿ ಹೊಲಿದಿದೆ. ದಾದಾ ಒಳಗೆ ಚಾಪೆ ಹಾಸುತ್ತಿದ್ದ. ಎಷ್ಟು ದಿನದಿಂದ ನನ್ನ ಹಿಂದೆ ನಡೆಯುತ್ತಿದ್ದೀ, ದಾದಾ?