ಅಜ್ಜ ಬೈಯಲಿಲ್ಲ

ಮುರಾನೊ,
ಅಕ್ಟೋಬರ್ 19, 1976

ಪ್ರೀತಿಯ ಅಪ್ಪನಿಗೆ,

ಬರೆಯುತ್ತಿರುವುದಕ್ಕೇ ಸಾರಿ. ಅಜ್ಜನ ಮಾತೆತ್ತಿದರೆ ನೀನು ಎದ್ದು ಹೊರಗೆ ಹೋಗುತ್ತೀಯ ಎಂದು ಅಮ್ಮ ಮೊದಲೇ ಹೇಳಿದ್ದಳು. ಆದರೆ ಹೇಳಿಕೊಳ್ಳಲು ನನಗೆ ಇಲ್ಲಿ ಬೇರೆ ಯಾರೂ ಇಲ್ಲ.

ಆರೋಗ್ಯವಾಗಿದ್ದೇನೆ. ಗಾಜಿನ ಶಾಲೆಯಲ್ಲಿ ಮೊದಲ ವರ್ಷದವರಿಗೆ ಬರೀ ಇತಿಹಾಸ, ಡ್ರಾಯಿಂಗ್. ಮಧ್ಯಾಹ್ನ ಅಜ್ಜನ ಕುಲುಮೆಯಲ್ಲಿ ಕಸ ಗುಡಿಸುತ್ತೇನೆ. ಅಜ್ಜ ನನ್ನನ್ನು ಮನೆಯಲ್ಲಿ ಉಳಿಸಿಕೊಳ್ಳುತ್ತಾರೋ ಇಲ್ಲವೋ ಎನ್ನುವುದೊಂದೇ ಟೆನ್ಷನ್. ಬಂದ ದಿನ "ನೋಡೋಣ" ಎಂದಿದ್ದರು, ಅಷ್ಟೇ.

ಹಿಂದಿನ ಕಾಲದಲ್ಲಿ ಗಾಜಿನವರು ಈ ದ್ವೀಪ ಬಿಟ್ಟು ಹೋಗುವಂತಿರಲಿಲ್ಲ, ಓಡಿಹೋದವರನ್ನು ಬೆನ್ನಟ್ಟುತ್ತಿದ್ದರು ಎಂದು ಕ್ಲಾಸಿನಲ್ಲಿ ಹೇಳಿದರು. ಅದನ್ನು ಕುಲುಮೆಯಲ್ಲಿ ಹೇಳಿದೆ. ಅಜ್ಜನ ಜೊತೆ ಕೆಲಸ ಮಾಡುವ ಮೆನೆಗೊ ನಕ್ಕ. "ನಿಮ್ಮಪ್ಪನ ಹಿಂದೆ ಯಾರನ್ನೂ ಕಳಿಸ್ಲಿಲ್ಲ ಕಣಮ್ಮ. ಇಂಗ್ಲೆಂಡಿಗೆ ಟಿಕೆಟ್ ದುಬಾರಿ." ಎಲ್ಲರೂ ನಕ್ಕರು. ಅಜ್ಜ ಊದುತ್ತಿದ್ದ ಕೊಳವೆಯಿಂದ ಕಣ್ಣೆತ್ತಲಿಲ್ಲ.

ಅಜ್ಜನ ಮನಸ್ಸು ಗೆಲ್ಲೋಣ ಎಂದು ಶುಕ್ರವಾರ ಹಾವುಮೀನು ತಂದೆ. ಬಿಸಿ ಗಾಜನ್ನು ನಿಧಾನವಾಗಿ ತಣಿಸುವ ಗೂಡಿನಲ್ಲಿ ಪಲಾವ್ ಎಲೆ ಹಾಸಿ ಬೇಯಿಸುತ್ತಿದ್ದರು ಎಂದು ನೀನು ಹೇಳುತ್ತಿದ್ದೆಯಲ್ಲ, ಹಾಗೇ ಮಾಡಿದೆ. ಬಾಗಿಲು ತೆರೆದು ಪಾತ್ರೆ ಒಳಗೆ ತಳ್ಳುತ್ತಿರುವಾಗಲೇ ಟಿಕ್, ಟಿಕ್ ಎಂದು ಶಬ್ದ. ತಣ್ಣನೆ ಗಾಳಿಗೆ ಒಳಗಿದ್ದ ಅಜ್ಜನ ಲೋಟಗಳೆಲ್ಲ ಸೀಳಿಹೋದವು.

"ಅಯ್ಯೋ ಪುಣ್ಯಾತ್ಗಿತ್ತಿ, ಗೂಡಿನ ಮೇಲಿಡೋದು ಕಣೇ, ಒಳಗಲ್ಲ" ಎಂದ ಮೆನೆಗೊ.

ಅವತ್ತೇ ಸ್ವಲ್ಪ ಮುಂಚೆ ಅವನೂ ಒಂದು ಲೋಟ ಬೀಳಿಸಿದ್ದ. ಅಜ್ಜ ಬೀದಿಗೆ ಕೇಳುವಂತೆ ಕೂಗಾಡಿದ್ದರು. "ಕತ್ತೆ, ಕೈಯಲ್ಲಿರೋದು ಬೆರಳೋ ಗಂಜಿಯೋ? ನಿಮ್ಮಪ್ಪನೂ ಹಿಂಗೇ, ನಿಮ್ಮಜ್ಜನೂ ಹಿಂಗೇ!" ಆಮೇಲೆ ತಮ್ಮ ವೈನಿನಲ್ಲಿ ಅರ್ಧ ಅವನಿಗೇ ಕೊಟ್ಟಿದ್ದರು.

ಈಗ ನನ್ನ ಸರದಿ ಎಂದು ಪೊರಕೆ ಹಿಡಿದು ತಲೆ ತಗ್ಗಿಸಿ ನಿಂತೆ. ಅಜ್ಜ ಒಡೆದದ್ದನ್ನು ನೋಡಿದರು. "ಪರವಾಗಿಲ್ಲ ಬಿಡಿ. ನಿಮಗೆ ಹೇಗೆ ಗೊತ್ತಾಗಬೇಕು? ಕೈ ಸುಟ್ಟುಕೊಂಡಿಲ್ಲ ತಾನೆ?" ಎಂದು ನನ್ನ ಕೈಯಿಂದ ಪೊರಕೆ ತೆಗೆದುಕೊಂಡು ತಾವೇ ಗುಡಿಸಿದರು. ಮೆನೆಗೊ ಕೂಡ ನಗಲಿಲ್ಲ.

ನನ್ನನ್ನೂ ಕತ್ತೆ ಎನ್ನಬಾರದಿತ್ತೇ, ಅಪ್ಪ? ನಿಮ್ಮಪ್ಪನೂ ಹಿಂಗೇ ಎನ್ನಬಾರದಿತ್ತೇ?

ಅಮ್ಮನಿಗೆ ಮುತ್ತು. ನಿನ್ನ ಬೆನ್ನುನೋವು ಬೇಗ ವಾಸಿಯಾಗಲಿ, ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಮಗಳು,
ಒರ್ಸೊಲಾ

ಮತ್ತೆ: ನಿನ್ನೆ ಊಟಕ್ಕೆ ಕೂತಾಗ ಅಜ್ಜ ವೆನಿಸಿನಲ್ಲಿ ನನಗೊಂದು ಹಾಸ್ಟೆಲ್ ನೋಡಿರುವುದಾಗಿ ಹೇಳಿದರು. ಸನ್ಯಾಸಿನಿಯರು ನಡೆಸುವುದಂತೆ, ಬಹಳ ಶುಚಿಯಂತೆ. ಮುಂದಿನ ತಿಂಗಳು ಅಲ್ಲಿಗೆ. ನಾನು ಥ್ಯಾಂಕ್ಸ್ ಹೇಳಿದೆ. ಏಳನೇ ವಯಸ್ಸಿನಿಂದ ನಾನು ಹಾಸ್ಟೆಲಿನಲ್ಲೇ ಬೆಳೆದವಳು, ಅಪ್ಪ. ಇನ್ನು ಆಗುವುದಿಲ್ಲ. ನೀನೂ ಅಜ್ಜನೂ ಮಾತು ಬಿಟ್ಟಿದ್ದೀರಿ, ಗೊತ್ತು. ಆದರೂ ಇವಳು ನನ್ನ ಮಗಳು, ಮನೆಯಲ್ಲೇ ಇರಲಿ ಎಂದು ನೀನೇ ಅವರಿಗೆ ಒಂದು ಸಾಲು ಬರೆ. ಬರೆಯುತ್ತೀಯೋ ಇಲ್ಲವೋ, ನನಗೆ ಬೇಗ ಉತ್ತರ ಕೊಡು.